ಹದಿಹರೆಯದ ಮನಸ್ಸು ಮತ್ತು ಆತ್ಮಕರುಣೆ

‘ಬಿದ್ದವರಿಗೆ ಆಳಿಗೊಂದು ಕಲ್ಲು’ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಗಾದೆ. ಸೋತವರನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನಮ್ಮ ಹಿರಿಯರು ಮೂರೇ ಪದಗಳಲ್ಲಿ ಹೇಳಿಬಿಟ್ಟಿದ್ದಾರೆ. ಆದರೆ ಹದಿನಾರು, ಹದಿನೇಳರ ಹರೆಯದಲ್ಲಿ ಎಡವಿದ ಮಗುವಿನ ಮೇಲೆ ಮೊದಲ ಕಲ್ಲು ಬೀಳುವುದು ಅನೇಕ ವೇಳೆ ಹೊರಗಿನಿಂದಲ್ಲ. ಆ ಮಗುವೇ ಅದನ್ನು ತನ್ನ ಮೇಲೆ ಎಸೆದುಕೊಳ್ಳುತ್ತದೆ. ‘ನಾನು ಯಾವುದಕ್ಕೂ ಆಗದವನು’, ‘ಅಪ್ಪ ಅಮ್ಮನ ದುಡ್ಡನ್ನೆಲ್ಲ ಹಾಳು ಮಾಡಿದೆ’, ‘ಇನ್ನು ಯಾವ ಮುಖ ಇಟ್ಟುಕೊಂಡು ಊರಿಗೆ ಹೋಗಲಿ’ ಎಂಬ ಮಾತುಗಳು ಕೊಠಡಿಯ ಬಾಗಿಲು ಮುಚ್ಚಿದ ಮೇಲೆ ಒಳಗೊಳಗೇ ನಡೆಯುತ್ತವೆ. ಪಕ್ಕದ ಹಾಸಿಗೆಯಲ್ಲಿ ಮಲಗಿದ ಗೆಳೆಯನಿಗೂ ಅವು ಕೇಳಿಸುವುದಿಲ್ಲ.

ಈ ಒಳಮಾತನ್ನು ಬದಲಿಸಲು ಸಾಧ್ಯವೇ, ಸೋತಾಗ ತನ್ನನ್ನು ತಾನೇ ಸಂತೈಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬಹುದೇ ಎಂಬ ಪ್ರಶ್ನೆಯನ್ನು ಮನಃಶಾಸ್ತ್ರಜ್ಞರು ಕಳೆದ ಎರಡು ದಶಕಗಳಿಂದ ಗಂಭೀರವಾಗಿ ಅಧ್ಯಯನ ಮಾಡುತ್ತಿದ್ದಾರೆ. ಅವರು ಈ ಗುಣಕ್ಕೆ ಕೊಟ್ಟ ಹೆಸರನ್ನು ನಾವು ಕನ್ನಡದಲ್ಲಿ ‘ಆತ್ಮಕರುಣೆ’ ಎನ್ನಬಹುದು. ವಿಶಾಖಪಟ್ಟಣ ಮತ್ತು ವಿಜಯವಾಡಗಳ ಹಿನ್ನೆಲೆಯಲ್ಲಿ ಈ ವಿಚಾರವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ನಗರಗಳು

ವಿಶಾಖಪಟ್ಟಣಕ್ಕೆ ಕನ್ನಡ ಕುಟುಂಬಗಳನ್ನು ಕರೆತರುವುದು ಸಾಮಾನ್ಯವಾಗಿ ಉದ್ಯೋಗ. ಬಂದರು, ಪೂರ್ವ ನೌಕಾ ಕಮಾಂಡ್, ಉಕ್ಕಿನ ಕಾರ್ಖಾನೆ, ತೈಲಾಗಾರ, ಬ್ಯಾಂಕು, ಹೋಟೆಲು ಹೀಗೆ ಕಾರಣಗಳು ಹಲವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಇಂಗ್ಲಿಷ್ ಎಂಬ ಮೂರು ನೆಲೆಗಳಲ್ಲಿ ಮಕ್ಕಳು ಬೆಳೆಯುತ್ತಾರೆ. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಆಂಧ್ರದ ಇತರ ಮಕ್ಕಳ ಹಾಗೆಯೇ ಅವರಿಗೂ ಇಂಟರ್ಮೀಡಿಯೆಟ್‌ನ ಎರಡು ವರ್ಷಗಳು ಎದುರಾಗುತ್ತವೆ. ಗಣಿತದ ಕಡೆಗೆ ಹೋದರೆ ಎಂ.ಪಿ.ಸಿ., ವೈದ್ಯಕೀಯದ ಕಡೆಗೆ ಹೋದರೆ ಬೈ.ಪಿ.ಸಿ. ಈ ಹಾದಿಯಲ್ಲಿ ಬಹಳ ಮಂದಿಗೆ ಸಿಗುವ ನಿಲ್ದಾಣವೇ ವಿಜಯವಾಡ. ಕೃಷ್ಣಾ ತೀರದ ಆ ನಗರದ ಸುತ್ತಮುತ್ತ, ಗುಡವಲ್ಲಿ, ನಿಡಮಾನೂರು, ಗೊಲ್ಲಪೂಡಿಗಳ ಕಡೆ, ಸಾವಿರಾರು ವಿದ್ಯಾರ್ಥಿಗಳು ಒಟ್ಟಿಗೆ ತಂಗಿ ಓದುವ ವಸತಿ ಕಾಲೇಜುಗಳು ಬೆಳೆದು ನಿಂತಿವೆ. ಫಲಿತಾಂಶದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಅಂಚೆಚೀಟಿಯಷ್ಟು ದೊಡ್ಡ ಭಾವಚಿತ್ರಗಳೂ ಅವುಗಳ ಕೆಳಗೆ ರ‍್ಯಾಂಕುಗಳೂ ಸಾಲುಸಾಲಾಗಿ ಕಾಣಿಸಿಕೊಳ್ಳುವ ಪದ್ಧತಿ ಈ ಭಾಗದಲ್ಲಿ ಎಲ್ಲರಿಗೂ ಪರಿಚಿತ. ಆ ಪುಟದಲ್ಲಿ ಇಲ್ಲದವರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ.

ಈ ವ್ಯವಸ್ಥೆಯ ಒತ್ತಡದ ಬಗ್ಗೆ ಸರಕಾರಕ್ಕೆ ತಿಳಿಯದೇ ಇರಲಿಲ್ಲ. ವಿದ್ಯಾರ್ಥಿಗಳ ಸರಣಿ ಆತ್ಮಹತ್ಯೆಗಳ ನಂತರ ಅವಿಭಜಿತ ಆಂಧ್ರಪ್ರದೇಶದಲ್ಲಿ 2001ರಲ್ಲಿ ನೀರದಾ ರೆಡ್ಡಿ ಸಮಿತಿಯೂ, ರಾಜ್ಯ ವಿಭಜನೆಯ ಬಳಿಕ 2017ರಲ್ಲಿ ಚಕ್ರಪಾಣಿ ಸಮಿತಿಯೂ ಖಾಸಗಿ ಜೂನಿಯರ್ ಕಾಲೇಜುಗಳ ಸ್ಥಿತಿಗತಿಯನ್ನು ಪರಿಶೀಲಿಸಿದವು. ಆದರೂ 2023ರ ಏಪ್ರಿಲ್ ಕೊನೆಯಲ್ಲಿ ಇಂಟರ್ಮೀಡಿಯೆಟ್ ಫಲಿತಾಂಶ ಪ್ರಕಟವಾದ ಎರಡೇ ದಿನಗಳಲ್ಲಿ ರಾಜ್ಯದ ಬೇರೆ ಬೇರೆ ಕಡೆ ಒಂಬತ್ತು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂದು ಪತ್ರಿಕೆಗಳು ವರದಿ ಮಾಡಿದವು. ಅದೇ ವರ್ಷದ ಜುಲೈ ತಿಂಗಳಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗಾಗಿ ವಿಶಾಖಪಟ್ಟಣದಲ್ಲಿ ತಂಗಿ ಓದುತ್ತಿದ್ದ ಹದಿನೇಳರ ಹುಡುಗಿಯೊಬ್ಬಳು ಅನುಮಾನಾಸ್ಪದ ಸನ್ನಿವೇಶದಲ್ಲಿ ಮೃತಪಟ್ಟಳು. ಆಕೆಯ ತಂದೆ ನ್ಯಾಯ ಕೋರಿ ಸರ್ವೋಚ್ಚ ನ್ಯಾಯಾಲಯದ ತನಕ ಹೋದರು. 2025ರ ಜುಲೈ 25ರಂದು ಆ ಪ್ರಕರಣದಲ್ಲಿ ತೀರ್ಪು ನೀಡಿದ ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ, ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಅಷ್ಟಕ್ಕೇ ನಿಲ್ಲದೆ ದೇಶದ ಎಲ್ಲ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ಮಾನಸಿಕ ಆರೋಗ್ಯವು ಸಂವಿಧಾನದ 21ನೆಯ ವಿಧಿ ನೀಡುವ ಜೀವಿಸುವ ಹಕ್ಕಿನ ಅವಿಭಾಜ್ಯ ಅಂಗ ಎಂದು ಅದು ಸ್ಪಷ್ಟಪಡಿಸಿತು.

ಆ ತೀರ್ಪಿನಲ್ಲಿ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಅಂಶಗಳಿವೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ಅದೇ ವರ್ಷ ಪರೀಕ್ಷೆಯಲ್ಲಿ ಅನುತ್ತೀರ್ಣರಾದುದೇ ಕಾರಣವೆಂದು ದಾಖಲಾದ ಸಾವುಗಳು 2,248. ಈ ಸಂಖ್ಯೆಗಳ ಮುಂದೆ ‘ಆತ್ಮಕರುಣೆ’ಯಂಥ ಮೃದುವಾದ ಮಾತು ದುರ್ಬಲವಾಗಿ ಕೇಳಿಸಬಹುದು. ವಾಸ್ತವದಲ್ಲಿ ಅದು ದುರ್ಬಲವಲ್ಲ ಎಂಬುದನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಈ ವಯಸ್ಸಿನ ಮನಸ್ಸಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಹದಿಹರೆಯದಲ್ಲಿ ಮನಸ್ಸಿನೊಳಗೆ ನಡೆಯುವುದೇನು?

ಹತ್ತರಿಂದ ಹತ್ತೊಂಬತ್ತು ವರ್ಷಗಳ ಅವಧಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವೆಂದು ಗುರುತಿಸುತ್ತದೆ. ಈ ಅವಧಿಯಲ್ಲಿ ದೇಹ ಬೆಳೆಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ, ಆದರೆ ಮಿದುಳು ಬೆಳೆಯುವುದು ಕಾಣುವುದಿಲ್ಲ. ಭಾವನೆಗಳನ್ನೂ ಪ್ರತಿಫಲದ ಆಸೆಯನ್ನೂ ಕೆರಳಿಸುವ ಭಾಗಗಳು ಮೊದಲು ಚುರುಕಾಗುತ್ತವೆ. ಹಣೆಯ ಹಿಂದಿರುವ, ಯೋಚಿಸಿ ತೂಗಿನೋಡಿ ಭಾವನೆಗೆ ಕಡಿವಾಣ ಹಾಕುವ ಭಾಗ ಇಪ್ಪತ್ತರ ಹರೆಯದ ನಡುಭಾಗದವರೆಗೂ ಬಲಿಯುತ್ತಲೇ ಇರುತ್ತದೆ. ಆದುದರಿಂದ ಈ ವಯಸ್ಸಿನಲ್ಲಿ ಅವಮಾನವಾದರೆ ಅದು ದೊಡ್ಡವರಿಗೆ ಆಗುವುದಕ್ಕಿಂತ ಹೆಚ್ಚು ಸುಡುತ್ತದೆ, ಆ ಉರಿಯನ್ನು ಆರಿಸುವ ಶಕ್ತಿಯೋ ಇನ್ನೂ ಪೂರ್ತಿಯಾಗಿ ಕೈಗೂಡಿರುವುದಿಲ್ಲ.

ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲಿ ಹದಿಹರೆಯದ ಎರಡು ಭ್ರಮೆಗಳನ್ನು ವಿವರಿಸಿದರು. ಮೊದಲನೆಯದು ಕಾಲ್ಪನಿಕ ಪ್ರೇಕ್ಷಕರ ಭ್ರಮೆ. ಎಲ್ಲರ ಕಣ್ಣೂ ತನ್ನ ಮೇಲೆಯೇ ನೆಟ್ಟಿದೆ, ತನ್ನ ಒಂದೊಂದು ತಪ್ಪನ್ನೂ ಎಲ್ಲರೂ ಗಮನಿಸುತ್ತಿದ್ದಾರೆ ಎಂಬ ಭಾವನೆ ಅದು. ಎರಡನೆಯದು ತಾನು ಎಲ್ಲರಿಗಿಂತ ಬೇರೆ, ತನ್ನ ನೋವು ಇನ್ನಾರಿಗೂ ಅರ್ಥವಾಗದು ಎಂಬ ನಂಬಿಕೆ. ಇವೆರಡೂ ಬೆಳವಣಿಗೆಯ ಸಹಜ ಹಂತಗಳು, ರೋಗಗಳಲ್ಲ. ಆದರೆ ವಸತಿ ಕಾಲೇಜಿನ ಸೂಚನಾಫಲಕದಲ್ಲಿ ವಾರವಾರವೂ ಅಂಕಗಳ ಪಟ್ಟಿ ತೂಗುತ್ತಿದ್ದರೆ ಮೊದಲನೆಯ ಭ್ರಮೆ ಭ್ರಮೆಯಾಗಿ ಉಳಿಯುವುದಿಲ್ಲ. ಆಗ ನಿಜವಾಗಿಯೂ ಎಲ್ಲರೂ ನೋಡುತ್ತಿರುತ್ತಾರೆ. ಮನೆಯಿಂದ ದೂರವಿದ್ದು ಮನಸ್ಸು ಬಿಚ್ಚಿ ಮಾತನಾಡುವವರು ಸಿಗದಿದ್ದರೆ ಎರಡನೆಯ ಭ್ರಮೆಯೂ ಗಟ್ಟಿಯಾಗುತ್ತದೆ.

ಎರಿಕ್ ಎರಿಕ್‌ಸನ್ ಅವರು ಹದಿಹರೆಯದ ಮುಖ್ಯ ಕಾರ್ಯವನ್ನು ‘ನಾನು ಯಾರು’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಎಂದು ಗುರುತಿಸಿದ್ದರು. ಹಾಡು, ಆಟ, ಗೆಳೆತನ, ಭಾಷೆ, ಊರು, ಓದು ಇವೆಲ್ಲ ಸೇರಿ ಆ ಉತ್ತರ ನಿಧಾನವಾಗಿ ರೂಪುಗೊಳ್ಳಬೇಕು. ಎರಡು ವರ್ಷಗಳ ಕಾಲ ಓದೊಂದನ್ನೇ ಉಳಿಸಿ ಉಳಿದುದನ್ನೆಲ್ಲ ಕಿತ್ತುಕೊಂಡರೆ, ‘ನಾನು ಯಾರು’ ಎಂಬುದಕ್ಕೆ ‘ನಾನು ನನ್ನ ರ‍್ಯಾಂಕು’ ಎಂಬ ಒಂದೇ ಉತ್ತರ ಉಳಿಯುತ್ತದೆ. ರ‍್ಯಾಂಕು ಜಾರಿದ ದಿನ ‘ನಾನು’ ಕೂಡ ಜಾರಿಹೋದಂತೆ ಮಗುವಿಗೆ ಅನ್ನಿಸುವುದು ಇದೇ ಕಾರಣಕ್ಕೆ.

ಆತ್ಮಕರುಣೆ ಎಂದರೇನು?

ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಲ್ಲಿ ಆತ್ಮಕರುಣೆಗೆ ವ್ಯಾಖ್ಯೆಯನ್ನೂ, ಅದನ್ನು ಅಳೆಯಲು 26 ಪ್ರಶ್ನೆಗಳ ಒಂದು ಮಾಪನವನ್ನೂ ರೂಪಿಸಿದರು. ಅವರ ಪ್ರಕಾರ ಆತ್ಮಕರುಣೆಗೆ ಮೂರು ಅಂಗಗಳಿವೆ.

ಮೊದಲನೆಯದು ತನ್ನ ಬಗ್ಗೆ ದಯೆ. ಸೋತ ಗೆಳೆಯನೊಡನೆ ನಾವು ಯಾವ ದನಿಯಲ್ಲಿ ಮಾತನಾಡುತ್ತೇವೆಯೋ ಅದೇ ದನಿಯಲ್ಲಿ ನಮ್ಮೊಡನೆಯೂ ಮಾತನಾಡಿಕೊಳ್ಳುವುದು. ಭೌತಶಾಸ್ತ್ರದಲ್ಲಿ ಕಡಿಮೆ ಅಂಕ ಬಂದ ಗೆಳೆಯನಿಗೆ ‘ನೀನು ದಂಡ, ಬದುಕಿ ಏನು ಪ್ರಯೋಜನ’ ಎಂದು ಯಾವ ಹುಡುಗನೂ ಹೇಳುವುದಿಲ್ಲ. ಆದರೆ ತನಗೇ ಹಾಗಾದಾಗ ಅದೇ ಮಾತನ್ನು ತಡೆಯಿಲ್ಲದೆ ಹೇಳಿಕೊಳ್ಳುತ್ತಾನೆ.

ಎರಡನೆಯದು ‘ನಾನೊಬ್ಬನೇ ಅಲ್ಲ’ ಎಂಬ ಅರಿವು. ಸೋಲು, ತಪ್ಪು, ಕೊರತೆಗಳು ಮನುಷ್ಯರೆಲ್ಲರ ಪಾಲಿಗೂ ಬಂದವು ಎಂದು ಕಾಣುವುದು. ಮೇಲೆ ಹೇಳಿದ 2023ರ ಆಂಧ್ರ ಇಂಟರ್ಮೀಡಿಯೆಟ್ ಫಲಿತಾಂಶವನ್ನೇ ನೋಡಿ. ಪ್ರಥಮ ವರ್ಷದಲ್ಲಿ ಉತ್ತೀರ್ಣರಾದವರು ಶೇಕಡ 61, ದ್ವಿತೀಯ ವರ್ಷದಲ್ಲಿ ಶೇಕಡ 72. ಅಂದರೆ ಪ್ರಥಮ ವರ್ಷದ ಪರೀಕ್ಷೆ ಬರೆದ ಪ್ರತಿ ನೂರು ಮಕ್ಕಳಲ್ಲಿ ಸುಮಾರು ನಲವತ್ತು ಮಂದಿ ಆ ದಿನ ಒಂದೇ ದೋಣಿಯಲ್ಲಿದ್ದರು. ಆದರೆ ಆ ನಲವತ್ತು ಮಂದಿಯಲ್ಲಿ ಒಬ್ಬೊಬ್ಬರಿಗೂ ತಾನೊಬ್ಬನೇ ಮುಳುಗುತ್ತಿರುವಂತೆ ಅನ್ನಿಸಿರಬೇಕು. ಎಲ್ಕಿಂಡ್ ಹೇಳಿದ ಭ್ರಮೆಯ ಬಲ ಅಂಥದು.

ಮೂರನೆಯದು ಸಮಚಿತ್ತದ ಎಚ್ಚರ. ನೋವನ್ನು ಇಲ್ಲವೆಂದು ಅದುಮಿಡುವುದೂ ಅಲ್ಲ, ಅದರಲ್ಲಿ ಕೊಚ್ಚಿಹೋಗುವುದೂ ಅಲ್ಲ. ‘ಈಗ ನನಗೆ ಬಹಳ ನೋವಾಗಿದೆ’ ಎಂದು ಇದ್ದುದನ್ನು ಇದ್ದ ಹಾಗೆ ಗುರುತಿಸುವುದು. ‘ನಾನು ಪರೀಕ್ಷೆಯಲ್ಲಿ ಸೋತೆ’ ಎಂಬುದು ಒಂದು ಘಟನೆಯ ವರ್ಣನೆ, ‘ನಾನೇ ಒಂದು ಸೋಲು’ ಎಂಬುದು ತನ್ನ ಮೇಲೆ ತಾನೇ ಬರೆದುಕೊಂಡ ತೀರ್ಪು. ಈ ಎರಡರ ನಡುವಿನ ಅಂತರವನ್ನು ಕಾಣುವುದೇ ಎಚ್ಚರ.

ಇಲ್ಲಿ ಕನ್ನಡದ ಒಂದು ಪದದ ಬಗ್ಗೆಯೂ ಹೇಳಬೇಕು. ನಮ್ಮ ಬರವಣಿಗೆಯಲ್ಲಿ ‘ಸ್ವಾನುಕಂಪ’ ಎಂಬ ಮಾತು ಬಹುಮಟ್ಟಿಗೆ ನಿಂದೆಯ ಅರ್ಥದಲ್ಲಿಯೇ ಬಳಕೆಯಾಗುತ್ತದೆ. ತನ್ನ ಗೋಳನ್ನೇ ಹೇಳಿಕೊಂಡು ಕೂರುವುದು ಎಂದು ಅದರ ಭಾವ. ಆತ್ಮಕರುಣೆ ಅದಲ್ಲ. ಸ್ವಾನುಕಂಪದಲ್ಲಿರುವವನು ‘ನನಗೊಬ್ಬನಿಗೇ ಹೀಗೇಕೆ’ ಎಂದು ಕೇಳುತ್ತಾನೆ. ಆತ್ಮಕರುಣೆಯುಳ್ಳವನು ‘ಇದು ಎಲ್ಲರಿಗೂ ಆಗುತ್ತದೆ, ಈಗ ನನಗಾಗಿದೆ, ಮುಂದೇನು ಮಾಡಲಿ’ ಎಂದು ಕೇಳುತ್ತಾನೆ. ಒಂದು ಪ್ರಶ್ನೆ ಮನುಷ್ಯನನ್ನು ಮೂಲೆಗೆ ತಳ್ಳುತ್ತದೆ, ಇನ್ನೊಂದು ಜನರ ನಡುವೆ ತಂದು ನಿಲ್ಲಿಸುತ್ತದೆ.

ಆತ್ಮಾಭಿಮಾನಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆತ್ಮಾಭಿಮಾನ ಬಹಳ ಮಟ್ಟಿಗೆ ಗೆಲುವನ್ನೂ ಹೋಲಿಕೆಯನ್ನೂ ಆಶ್ರಯಿಸಿರುತ್ತದೆ. ರ‍್ಯಾಂಕು ಬಂದಾಗ ಏರುತ್ತದೆ, ಬಾರದಾಗ ಇಳಿಯುತ್ತದೆ. ಅಂದರೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತದೆ. ಆತ್ಮಕರುಣೆಯ ಕೆಲಸ ಪ್ರಾರಂಭವಾಗುವುದೇ ಆ ಗಳಿಗೆಯಲ್ಲಿ. ಆಸ್ಟ್ರೇಲಿಯದಲ್ಲಿ ಒಂಬತ್ತನೆಯ ತರಗತಿಯ ಸುಮಾರು 2,400 ಮಕ್ಕಳನ್ನು ಒಂದು ವರ್ಷ ಅನುಸರಿಸಿ ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆತ್ಮಾಭಿಮಾನ ಕಡಿಮೆಯಿದ್ದರೂ ಆತ್ಮಕರುಣೆ ಹೆಚ್ಚಿದ್ದ ಮಕ್ಕಳ ಮಾನಸಿಕ ಆರೋಗ್ಯ ಅಷ್ಟಾಗಿ ಕೆಡಲಿಲ್ಲ ಎಂದು ಕಂಡುಬಂತು. ಹತ್ತೊಂಬತ್ತು ಅಧ್ಯಯನಗಳ, ಒಟ್ಟು ಏಳು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಆತ್ಮಕರುಣೆ ಹೆಚ್ಚಿದ್ದವರಲ್ಲಿ ಆತಂಕ, ಖಿನ್ನತೆ, ಒತ್ತಡಗಳು ಗಣನೀಯವಾಗಿ ಕಡಿಮೆಯಿದ್ದವು. ಹದಿಹರೆಯದ ಕೊನೆಯ ಹಂತದಲ್ಲಿರುವ ಹುಡುಗಿಯರಲ್ಲಿ ಆತ್ಮಕರುಣೆ ಕುಗ್ಗುತ್ತದೆ ಎಂಬುದನ್ನು ಅಮೆರಿಕದ ಕ್ಯಾರೆನ್ ಬ್ಲೂತ್ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಹೆಣ್ಣುಮಕ್ಕಳ ತಂದೆತಾಯಿಯರು ಗಮನಿಸಬೇಕಾದ ಸಂಗತಿ ಇದು.

ದಯೆ ತೋರಿದರೆ ಮಕ್ಕಳು ಸೋಮಾರಿಗಳಾಗುವುದಿಲ್ಲವೇ?

ಈ ವಿಷಯ ಕೇಳಿದ ಕೂಡಲೇ ನಮ್ಮ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದದ್ದೇ. ಗದರಿಸಿದರೆ ತಾನೇ ಓದುತ್ತಾರೆ, ತಮ್ಮನ್ನು ತಾವು ಬೈದುಕೊಂಡರೆ ತಾನೇ ಛಲ ಬರುತ್ತದೆ ಎಂಬುದು ನಾವು ತಲೆಮಾರುಗಳಿಂದ ನಂಬಿಕೊಂಡು ಬಂದ ವಿಚಾರ.

ಇದನ್ನು ಪರೀಕ್ಷಿಸಿ ನೋಡಿದವರು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್. 2012ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಒಂದು ಹೀಗಿದೆ. ವಿದ್ಯಾರ್ಥಿಗಳಿಗೆ ಬಹಳ ಕಠಿಣವಾದ ಒಂದು ಪದಪರೀಕ್ಷೆ ಕೊಟ್ಟು ಅವರು ಕಳಪೆ ಅಂಕ ಪಡೆಯುವಂತೆ ನೋಡಿಕೊಂಡರು. ಆಮೇಲೆ ಒಂದು ಗುಂಪಿಗೆ, ಇದು ಎಲ್ಲರಿಗೂ ಕಷ್ಟವಾಗುವಂಥದೇ, ನಿಮ್ಮ ಮೇಲೆ ನೀವು ಕಠೋರರಾಗಬೇಡಿ ಎಂಬ ಅರ್ಥದ ಮಾತು ಹೇಳಿದರು. ಇನ್ನೊಂದು ಗುಂಪಿಗೆ ನೀವು ಬುದ್ಧಿವಂತರೇ ಎಂದು ಹೊಗಳಿದರು. ಮೂರನೆಯ ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯ ಪರೀಕ್ಷೆಗೆ ಮೊದಲು ಎಷ್ಟು ಹೊತ್ತು ಬೇಕಾದರೂ ಓದಿಕೊಳ್ಳಬಹುದೆಂದು ಬಿಟ್ಟಾಗ, ಉಳಿದವರಿಗಿಂತ ಹೆಚ್ಚು ಹೊತ್ತು ಓದಿದವರು ಮೊದಲನೆಯ ಗುಂಪಿನವರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಪ್ಪಿಗೆ ಘೋರ ಶಿಕ್ಷೆ ಕಾದಿದೆ ಎಂದು ಗೊತ್ತಿದ್ದವನು ತಪ್ಪನ್ನು ಬಚ್ಚಿಡುತ್ತಾನೆ, ಉತ್ತರಪತ್ರಿಕೆಯನ್ನು ಮಡಿಸಿ ಪುಸ್ತಕದ ಅಡಿಗೆ ಸೇರಿಸುತ್ತಾನೆ. ಶಿಕ್ಷೆ ಕೊಡುವವನು ತಾನೇ ಆಗಿದ್ದರೂ ಅಷ್ಟೇ. ತನ್ನ ಮೇಲೆ ದಯೆಯುಳ್ಳವನು ಮಾತ್ರ ಕೆಂಪುಶಾಯಿಯ ಗುರುತುಗಳನ್ನು ನಿಧಾನವಾಗಿ ನೋಡಬಲ್ಲ. ಎಲ್ಲಿ ತಪ್ಪಿದೆ ಎಂದು ನೋಡದೆ ತಿದ್ದಿಕೊಳ್ಳುವುದು ಹೇಗೆ?

ವಿಶಾಖಪಟ್ಟಣದ ಬಂದರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1933ರಲ್ಲಿ ಹಡಗುಗಳಿಗೆ ತೆರೆದುಕೊಂಡ ಆ ಬಂದರಿನ ಒಳ ಧಕ್ಕೆಗೆ ಹೋಗಬೇಕಾದರೆ ಡಾಲ್ಫಿನ್ಸ್ ನೋಸ್ ಬೆಟ್ಟದ ಮಗ್ಗುಲಿನ ಕಿರಿದಾದ ಕಾಲುವೆಯನ್ನು ದಾಟಬೇಕು. ಸಾಗರಗಳನ್ನು ದಾಟಿ ಬಂದ ಕಪ್ತಾನನೂ ಅಲ್ಲಿ ಬಂದರಿನ ಪೈಲಟ್ ಒಬ್ಬರನ್ನು ಹಡಗಿಗೆ ಹತ್ತಿಸಿಕೊಳ್ಳುತ್ತಾನೆ. ಆ ಪೈಲಟ್ ಬಂದು ಕಪ್ತಾನನನ್ನು ಬೈಯುವುದಿಲ್ಲ, ಸುಮ್ಮನೆ ಹೊಗಳುವುದೂ ಇಲ್ಲ. ನೀರು ಎಲ್ಲಿ ಆಳವಿದೆ, ಎಲ್ಲಿ ತಿರುಗಿಸಬೇಕು ಎಂದು ಪಕ್ಕದಲ್ಲಿ ನಿಂತು ಶಾಂತವಾಗಿ ಹೇಳುತ್ತಾನೆ. ಹದಿಹರೆಯವೂ ಅಂಥದೇ ಕಿರಿದಾದ ಕಾಲುವೆ. ಅಲ್ಲಿ ಮಗುವಿನ ಒಳಗಿನ ದನಿ ಪೈಲಟ್‌ನ ದನಿಯಂತಿರಬೇಕು, ಜೈಲರನ ದನಿಯಂತಲ್ಲ.

ಹೊಸ ಹೆಸರು, ಹಳೆಯ ತಿಳಿವು

ಆತ್ಮಕರುಣೆಯನ್ನು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಯಾರೂ ಭಾವಿಸಬೇಕಾಗಿಲ್ಲ. ಬೌದ್ಧ ಚಿಂತನೆಯಿಂದಲೇ ತಾವು ಇದನ್ನು ಪಡೆದುದಾಗಿ ನೆಫ್ ಅವರು ಹೇಳಿಕೊಂಡಿದ್ದಾರೆ. ಕ್ರಿ.ಶ. ಐದನೆಯ ಶತಮಾನದಲ್ಲಿ ಬುದ್ಧಘೋಷನು ರಚಿಸಿದ ‘ವಿಸುದ್ಧಿಮಗ್ಗ’ದಲ್ಲಿ ಮೈತ್ರಿಯ ಧ್ಯಾನವನ್ನು ಮೊದಲು ತನ್ನಿಂದಲೇ ಪ್ರಾರಂಭಿಸಬೇಕೆಂದು ವಿಧಿಸಲಾಗಿದೆ. ತನಗೆ ಸುಖ ಬೇಕೆನ್ನುವುದನ್ನು ಅರಿತವನು ಇತರರಿಗೂ ಅದೇ ಬೇಕೆನ್ನುವುದನ್ನು ಅರಿಯುತ್ತಾನೆ ಎಂಬುದು ಅದರ ತರ್ಕ.

ಆ ಪರಂಪರೆಯ ಕುರುಹುಗಳು ವಿಶಾಖಪಟ್ಟಣದ ಬಾಗಿಲಲ್ಲಿಯೇ ಇವೆ. ಭೀಮಿಲಿಯ ರಸ್ತೆಯ ಪಕ್ಕದಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತ ತೊಟ್ಲಕೊಂಡ, ಅದರ ಸಮೀಪದ ಬಾವಿಕೊಂಡ, ಅನಕಾಪಲ್ಲಿಯ ಬಳಿಯ ಬೊಜ್ಜನ್ನಕೊಂಡ ಇವೆಲ್ಲ ಪ್ರಾಚೀನ ಬೌದ್ಧ ವಿಹಾರಗಳ ನೆಲೆಗಳು. ವಿಜಯವಾಡದಿಂದ ಬಹುದೂರವಿಲ್ಲದ ಅಮರಾವತಿಯ ಸ್ತೂಪವಂತೂ ಜಗತ್ಪ್ರಸಿದ್ಧ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ತೊಟ್ಲಕೊಂಡಕ್ಕೆ ಹೋಗುವ ಕುಟುಂಬಗಳು ಅಲ್ಲಿನ ಕಲ್ಲುಗಳನ್ನು ನೋಡುವುದರ ಜೊತೆಗೆ ಈ ಒಂದು ವಿಚಾರವನ್ನೂ ಮಕ್ಕಳಿಗೆ ಹೇಳಬಹುದು. ಕನ್ನಡದ ಶರಣರೂ ದಾಸರೂ ದಯೆಯನ್ನು ಸಕಲ ಜೀವಿಗಳಿಗೂ ಸಲ್ಲಬೇಕಾದುದೆಂದು ಸಾರಿದವರು. ಸಕಲ ಜೀವಿಗಳೆಂದರೆ ಅವುಗಳಲ್ಲಿ ತಾನೂ ಒಬ್ಬನಲ್ಲವೇ?

ಮನೆಯ ಮಾತೇ ಮನದ ಮಾತು

ಒಳಗಿನ ದನಿ ತಾನಾಗಿಯೇ ಹುಟ್ಟುವುದಿಲ್ಲ. ಮಗು ಹೊರಗೆ ಕೇಳಿಸಿಕೊಂಡ ದನಿಗಳೇ ಕಾಲಕ್ರಮದಲ್ಲಿ ಒಳಗೆ ನೆಲೆಸುತ್ತವೆ. ನೆಫ್ ಮತ್ತು ಮೆಗೀ ಅವರು ಹದಿನಾಲ್ಕರಿಂದ ಹದಿನೇಳು ವರ್ಷದವರನ್ನೂ ಯುವಜನರನ್ನೂ ಒಳಗೊಂಡು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಿಯ ಬೆಂಬಲ ಮತ್ತು ಕುಟುಂಬದ ಹೊಂದಾಣಿಕೆ ಇದ್ದ ಕಡೆ ಮಕ್ಕಳ ಆತ್ಮಕರುಣೆಯೂ ಹೆಚ್ಚಾಗಿತ್ತು, ತಾಯಿಯ ಟೀಕೆ ಹೆಚ್ಚಿದ್ದ ಕಡೆ ಅದು ಕಡಿಮೆಯಾಗಿತ್ತು. ತಾಯಿಯ ಮಾತು ಎಂದಲ್ಲಿ ಮನೆಯ ಎಲ್ಲ ಹಿರಿಯರ ಮಾತನ್ನೂ ಸೇರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ ಎಂದು ನಾವು ಭಾವಿಸುತ್ತೇವೆ.

ಹಾಸ್ಟೆಲಿನಲ್ಲಿರುವ ಮಗುವಿಗೆ ವಾರಕ್ಕೊಮ್ಮೆ ಹತ್ತು ನಿಮಿಷ ಫೋನಿನಲ್ಲಿ ಮಾತನಾಡುವ ಅವಕಾಶ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಆ ಹತ್ತು ನಿಮಿಷಗಳಲ್ಲಿ ಮೊದಲ ಪ್ರಶ್ನೆ ‘ಈ ವಾರ ಎಷ್ಟು ಬಂತು?’ ಎಂದಾದರೆ ಮಗುವಿಗೆ ಒಂದು ಸಂದೇಶ ತಲುಪುತ್ತದೆ. ‘ಊಟ ಆಯ್ತಾ ಪುಟ್ಟಾ? ನಿದ್ದೆ ಸರಿಯಾಗಿ ಬರ್ತಿದೆಯಾ?’ ಎಂದಾದರೆ ಬೇರೆಯೇ ಸಂದೇಶ ತಲುಪುತ್ತದೆ. ದಿನವಿಡೀ ತೆಲುಗು, ಇಂಗ್ಲಿಷ್‌ಗಳಲ್ಲಿ ಮುಳುಗಿರುವ ನಮ್ಮ ಮಕ್ಕಳಿಗೆ ಕನ್ನಡ ಕೇಳಿಸುವುದು ಬಹುಶಃ ಆ ಹತ್ತು ನಿಮಿಷ ಮಾತ್ರ. ಕನ್ನಡವೆಂದರೆ ಅವರ ಪಾಲಿಗೆ ಲೆಕ್ಕ ಕೇಳುವ ಭಾಷೆಯಾಗಬೇಕೇ, ತಲೆ ನೇವರಿಸುವ ಭಾಷೆಯಾಗಬೇಕೇ ಎಂಬುದನ್ನು ನಿರ್ಧರಿಸುವವರು ನಾವೇ. ಹೊರನಾಡಿನಲ್ಲಿ ಭಾಷೆಯನ್ನು ಉಳಿಸುವ ಬಗ್ಗೆ ನಾವು ಸಾಕಷ್ಟು ಭಾಷಣಗಳನ್ನು ಮಾಡುತ್ತೇವೆ. ಕಷ್ಟಕಾಲದಲ್ಲಿ ಮಗು ತನ್ನೊಡನೆ ತಾನು ಮಾತನಾಡಿಕೊಳ್ಳಲು ಆರಿಸಿಕೊಳ್ಳುವ ಭಾಷೆ ಕನ್ನಡವಾದರೆ ಅದಕ್ಕಿಂತ ದೊಡ್ಡ ಉಳಿವು ಇಲ್ಲ.

ಮನೆಯಲ್ಲಿ ಮಾಡಬಹುದಾದ ಕೆಲವು ಸರಳ ಸಂಗತಿಗಳನ್ನು ಇಲ್ಲಿ ಸೂಚಿಸುತ್ತೇವೆ. ಹಿರಿಯರು ತಮ್ಮ ತಪ್ಪುಗಳ ಬಗ್ಗೆ ಮಕ್ಕಳ ಎದುರು ಹೇಗೆ ಮಾತನಾಡಿಕೊಳ್ಳುತ್ತಾರೆ ಎಂಬುದು ಮುಖ್ಯ. ಸಾರಿಗೆ ಉಪ್ಪು ಹೆಚ್ಚಾದ ದಿನ ಅಮ್ಮ ‘ನನ್ನ ಕೈಯಲ್ಲಿ ಒಂದೂ ನೆಟ್ಟಗಾಗುವುದಿಲ್ಲ’ ಎಂದು ತಲೆ ಚಚ್ಚಿಕೊಂಡರೆ ಮಗು ಅದನ್ನೇ ಕಲಿಯುತ್ತದೆ. ‘ಇವತ್ತು ಅಳತೆ ತಪ್ಪಿತು, ನಾಳೆ ನೋಡಿಕೊಳ್ಳೋಣ’ ಎಂದರೆ ಅದನ್ನೂ ಕಲಿಯುತ್ತದೆ. ಅಕ್ಕನ ಮಗ, ಪಕ್ಕದ ಮನೆಯ ಹುಡುಗಿ ಎಂದು ಹೋಲಿಸುವುದನ್ನು ಬಿಡುವುದು ಎರಡನೆಯ ಸಂಗತಿ. ಮೂರನೆಯದು ನಿದ್ದೆ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ನಿದ್ದೆಗೆಟ್ಟ ಮನಸ್ಸು ಯಾರ ಮೇಲೂ ದಯೆ ತೋರಲಾರದು, ತನ್ನ ಮೇಲಂತೂ ಸಾಧ್ಯವೇ ಇಲ್ಲ.

ಮಕ್ಕಳೇ ಮಾಡಬಹುದಾದ ಒಂದು ಅಭ್ಯಾಸವಿದೆ. ಬೇಸರದ ದಿನ ಒಂದು ಹಾಳೆ ತೆಗೆದುಕೊಂಡು, ಇದೇ ಕಷ್ಟ ತನ್ನ ಆಪ್ತ ಗೆಳೆಯನಿಗೋ ಗೆಳತಿಗೋ ಬಂದಿದ್ದರೆ ಏನು ಬರೆಯುತ್ತಿದ್ದೆನೋ ಆ ಕಾಗದವನ್ನು ಬರೆಯುವುದು. ಬರೆದು ಮುಗಿಸಿದ ಮೇಲೆ ಮೇಲಿನ ಹೆಸರನ್ನು ಅಳಿಸಿ ತನ್ನ ಹೆಸರು ಹಾಕಿ ಓದಿಕೊಳ್ಳುವುದು. ಖರ್ಚಿಲ್ಲದ ಈ ಅಭ್ಯಾಸ, ಬೇರೆಯವರಿಗೆ ಕೊಡಬಲ್ಲ ಸಾಂತ್ವನ ತನ್ನಲ್ಲಿಯೇ ಇದೆ ಎಂಬುದನ್ನು ತೋರಿಸಿಕೊಡುತ್ತದೆ.

ಹೊಣೆ ಮಕ್ಕಳದೊಂದೇ ಅಲ್ಲ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ‘ನಿನ್ನ ಮೇಲೆ ನೀನು ದಯೆ ತೋರು’ ಎಂದು ಮಕ್ಕಳಿಗೆ ಬೋಧಿಸಿ, ಅವರನ್ನು ಹಿಂಡುವ ವ್ಯವಸ್ಥೆಯನ್ನು ಇದ್ದಂತೆಯೇ ಬಿಟ್ಟರೆ ಅದು ನ್ಯಾಯವಲ್ಲ. ಗಾಯ ಮಾಡುವವನನ್ನು ಬಿಟ್ಟು ಗಾಯಗೊಂಡವನಿಗೆ ಮುಲಾಮಿನ ಪಾಠ ಹೇಳಿದಂತಾಗುತ್ತದೆ.

ಸರ್ವೋಚ್ಚ ನ್ಯಾಯಾಲಯದ 2025ರ ಮಾರ್ಗಸೂಚಿಗಳ ಮಹತ್ವ ಇಲ್ಲಿದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು ನೇಮಿಸಬೇಕು. ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ತಂಡಗಳಾಗಿ ಒಡೆಯುವುದು, ಎಲ್ಲರೆದುರು ಅವಮಾನಿಸುವುದು, ಶಕ್ತಿಮೀರಿದ ಗುರಿಗಳನ್ನು ಹೇರುವುದು ಇವುಗಳಿಂದ ತರಬೇತಿ ಕೇಂದ್ರಗಳೂ ಸೇರಿದಂತೆ ಸಂಸ್ಥೆಗಳು ದೂರವಿರಬೇಕು. ಬೋಧಕರಿಗೂ ಸಿಬ್ಬಂದಿಗೂ ವರ್ಷಕ್ಕೆ ಎರಡು ಬಾರಿಯಾದರೂ ಮಾನಸಿಕ ಆರೋಗ್ಯದ ತರಬೇತಿ ನೀಡಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ಹಾಸ್ಟೆಲು, ತರಗತಿಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಪ್ರದರ್ಶಿಸಬೇಕು. ಮಗುವನ್ನು ಸೇರಿಸಲು ಹೋದಾಗ ಶುಲ್ಕ ಎಷ್ಟು, ಕಳೆದ ವರ್ಷ ರ‍್ಯಾಂಕು ಎಷ್ಟು ಎಂದು ಕೇಳುವ ನಾವು, ಸಮಾಲೋಚಕರು ಯಾರು, ಅವರು ಎಲ್ಲಿ ಕುಳಿತುಕೊಳ್ಳುತ್ತಾರೆ ಎಂದೂ ಕೇಳಬೇಕು. ಕೇಳುವುದು ಈಗ ನಮ್ಮ ಹಕ್ಕು.

ಪರೀಕ್ಷಾ ವ್ಯವಸ್ಥೆಯೂ ನಿಧಾನವಾಗಿ ಬದಲಾಗುತ್ತಿದೆ. ಕರ್ನಾಟಕದಲ್ಲಿ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ಬರೆಯುವ ಅವಕಾಶ ಕಲ್ಪಿಸಲಾಯಿತು. ಆಂಧ್ರದಲ್ಲಿ ಇಂಟರ್ಮೀಡಿಯೆಟ್ ಫಲಿತಾಂಶದ ಬೆನ್ನಿಗೇ ಪೂರಕ ಪರೀಕ್ಷೆ ನಡೆಯುತ್ತದೆ. ಎಡವಿದವರಿಗೆ ಮತ್ತೆ ಬಾಗಿಲು ತೆರೆದಿದೆ ಎಂದು ವ್ಯವಸ್ಥೆಯೇ ಹೇಳುತ್ತಿರುವಾಗ ನಮ್ಮ ಮನೆಯ ಬಾಗಿಲು ಮುಚ್ಚಿರಬಾರದು.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಕೈಗೊಂಡ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಹದಿಮೂರರಿಂದ ಹದಿನೇಳು ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತ್ತು. ಇಂಥ ಮಕ್ಕಳಿಗೆ ಆತ್ಮಕರುಣೆಯ ಮಾತು ಮಾತ್ರ ಸಾಲದು, ವೈದ್ಯರ ನೆರವು ಬೇಕು. ಮಗು ವಾರಗಟ್ಟಲೆ ಮಂಕಾಗಿದ್ದರೆ, ಊಟ ನಿದ್ದೆಗಳು ಕೆಟ್ಟಿದ್ದರೆ, ಗೆಳೆಯರಿಂದ ದೂರ ಸರಿಯುತ್ತಿದ್ದರೆ, ಬದುಕು ಬೇಡವೆಂಬ ಮಾತು ತಮಾಷೆಗಾದರೂ ಬಂದರೆ, ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ, ಶುಲ್ಕವಿಲ್ಲದೆ, ಕನ್ನಡ ಮತ್ತು ತೆಲುಗು ಸೇರಿದಂತೆ ಹಲವು ಭಾಷೆಗಳಲ್ಲಿ ಅದರ ಸೇವೆ ದೊರೆಯುತ್ತದೆ. ಈ ಐದು ಅಂಕೆಗಳನ್ನು ಪ್ರತಿಯೊಂದು ಮನೆಯ ಗೋಡೆಯ ಮೇಲೂ, ಪ್ರತಿಯೊಬ್ಬ ವಿದ್ಯಾರ್ಥಿಯ ಪುಸ್ತಕದ ಮೊದಲ ಪುಟದಲ್ಲಿಯೂ ಬರೆದಿಡುವುದು ಒಳ್ಳೆಯದು.

ಕನ್ನಡ ಸಂಘಗಳು ಪ್ರತಿ ವರ್ಷವೂ ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನಿಸುತ್ತವೆ. ಅದು ಸಂತೋಷದ ಸಂಗತಿ, ಮುಂದುವರಿಯಲಿ. ಅದರ ಜೊತೆಗೆ ಒಂದು ಸಲ ಸೋತು ಮತ್ತೆ ಎದ್ದು ನಿಂತ ಹಿರಿಯರೊಬ್ಬರನ್ನು ಅದೇ ವೇದಿಕೆಗೆ ಕರೆದು, ಅವರ ಸೋಲಿನ ಕಥೆಯನ್ನು ಮಕ್ಕಳ ಮುಂದೆ ಹೇಳಿಸಿದರೆ ಹೇಗೆ? ಸಭಾಂಗಣದ ಹಿಂದಿನ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕುಳಿತ ಹುಡುಗನೋ ಹುಡುಗಿಯೋ ಆ ಮಾತನ್ನು ತಮ್ಮದನ್ನಾಗಿ ಮಾಡಿಕೊಂಡಾರು. ಈ ಬಗ್ಗೆ ಎಲ್ಲ ಸಂಘಗಳ ಬಂಧುಗಳೂ ಆಲೋಚಿಸಬೇಕೆಂದು ನಾವು ವಿನಂತಿಸುತ್ತೇವೆ.